(ಎಕ್ಸ್ + 1)² ಎಂಬುದರ ಅನುಕಲನಕ್ಕೆ ಎರಡು ಬೇರೆ ಬೇರೆ ಉತ್ತರಗಳು ಬರುವುದೇಕೆ?

ಪ್ರಶ್ನೆ (ದ್ವಿತೀಯ ಪಿಯುಸಿ ವಿದ್ಯಾರ್ಥಿನಿ)

ನಮಸ್ಕಾರ. ನಾನು ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದಲ್ಲಿ ಓದುತ್ತಿದ್ದೇನೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತವಳಾದ್ದರಿಂದ, ಗಣಿತದ ವಿವರಣೆಯನ್ನು ಒಮ್ಮೆ ಕನ್ನಡದಲ್ಲಿ ಓದಿಕೊಂಡರೆ ನನಗೆ ವಿಷಯ ಗಟ್ಟಿಯಾಗುತ್ತದೆ. ಅವಕಲನದ (ಡಿಫರೆನ್ಸಿಯೇಶನ್) ಅಧ್ಯಾಯ ಮುಗಿದು ಈಗ ಅನುಕಲನ (ಇಂಟಿಗ್ರೇಶನ್) ಆರಂಭವಾಗಿದೆ. ಎಕ್ಸ್‌ನ ಘಾತಾಂಕಕ್ಕೆ ಒಂದನ್ನು ಕೂಡಿಸಿ, ಹಾಗೆ ಬಂದ ಹೊಸ ಘಾತಾಂಕದಿಂದಲೇ ಭಾಗಿಸಿ, ಕೊನೆಯಲ್ಲಿ ಸ್ಥಿರಾಂಕ ಸಿ ಸೇರಿಸಬೇಕು ಎಂಬ ನಿಯಮ ನನಗೆ ಗೊತ್ತಿದೆ. ಆ ನಿಯಮವನ್ನು ಒಂದೇ ಲೆಕ್ಕಕ್ಕೆ ಎರಡು ರೀತಿಯಲ್ಲಿ ಬಳಸಿ ನೋಡಿದಾಗ ಈ ಸಂದೇಹ ಹುಟ್ಟಿತು.

ಲೆಕ್ಕ ಹೀಗಿದೆ: ∫(ಎಕ್ಸ್ + 1)² ಡಿಎಕ್ಸ್. ಮೊದಲು ವರ್ಗವನ್ನು ಬಿಡಿಸಿ ಎಕ್ಸ್² + 2ಎಕ್ಸ್ + 1 ಎಂದು ಬರೆದು ಪದ ಪದವಾಗಿ ಅನುಕಲಿಸಿದರೆ

ಎಕ್ಸ್³/3 + ಎಕ್ಸ್² + ಎಕ್ಸ್ + ಸಿ

ಎಂಬ ಉತ್ತರ ಬರುತ್ತದೆ. ವರ್ಗವನ್ನು ಬಿಡಿಸದೆ, ಎಕ್ಸ್ + 1 ಎಂಬುದನ್ನೇ ಯು ಎಂದು ಇಟ್ಟುಕೊಂಡು ಯು² ಎಂಬುದನ್ನು ಅನುಕಲಿಸಿದರೆ (ಎಕ್ಸ್ + 1)³/3 + ಸಿ ಬರುತ್ತದೆ. ಈ ಎರಡನೆಯ ಉತ್ತರವನ್ನು ಬಿಡಿಸಿ ಬರೆದರೆ

ಎಕ್ಸ್³/3 + ಎಕ್ಸ್² + ಎಕ್ಸ್ + 1/3 + ಸಿ

ಆಗುತ್ತದೆ, ಅಂದರೆ ಮೊದಲನೆಯದಕ್ಕಿಂತ 1/3 ಹೆಚ್ಚು. ಎರಡರಲ್ಲಿ ಯಾವುದನ್ನು ಸರಿಯಾದ ಉತ್ತರವೆಂದು ತೆಗೆದುಕೊಳ್ಳಬೇಕು? ಹಾಗೆಯೇ (ಎಕ್ಸ್² + 1)² ಎಂಬುದಕ್ಕೂ ಈ ಎರಡನೆಯ ದಾರಿಯನ್ನು ಬಳಸಬಹುದೇ? ಘಾತಾಂಕಕ್ಕೆ ಒಂದು ಕೂಡಿಸಿ ಅದರಿಂದಲೇ ಭಾಗಿಸುವುದರ ಹಿಂದಿನ ಕಾರಣವನ್ನೂ ಯಾರಾದರೂ ಹಂತ ಹಂತವಾಗಿ ವಿವರಿಸಿದರೆ ಬಹಳ ಉಪಕಾರವಾಗುತ್ತದೆ.

ಉತ್ತರ 1 (ನಿವೃತ್ತ ಗಣಿತ ಉಪನ್ಯಾಸಕ)

ನಿಮ್ಮ ಎರಡು ಉತ್ತರಗಳೂ ಸರಿಯಾಗಿವೆ. ಇದನ್ನು ಒಪ್ಪಿಕೊಳ್ಳಬೇಕಾದರೆ ∫ ಚಿಹ್ನೆ ನಮ್ಮನ್ನು ಏನು ಕೇಳುತ್ತಿದೆ ಎಂಬುದನ್ನು ಮೊದಲು ತಿಳಿಯಬೇಕು. ಅದು ಕೇಳುವುದು ಇಷ್ಟೇ: ಯಾವ ಫಲನವನ್ನು ಅವಕಲಿಸಿದರೆ ಒಳಗಿರುವ ಫಲನ ಸಿಗುತ್ತದೆ? ನಿಮ್ಮ ಮೊದಲ ಉತ್ತರವನ್ನು ಅವಕಲಿಸಿ ನೋಡಿ: ಎಕ್ಸ್² + 2ಎಕ್ಸ್ + 1 ಸಿಗುತ್ತದೆ. ಎರಡನೆಯದನ್ನು ಅವಕಲಿಸಿದರೂ ಅದೇ ಸಿಗುತ್ತದೆ, ಏಕೆಂದರೆ 1/3 ಒಂದು ಸ್ಥಿರ ಸಂಖ್ಯೆ, ಅದರ ಅವಕಲನ ಸೊನ್ನೆ. ಹೀಗಾಗಿ ಅನಿಶ್ಚಿತ ಅನುಕಲನದ (ಮಿತಿಗಳನ್ನು ಕೊಡದ ಅನುಕಲನದ) ಉತ್ತರ ಒಂದೇ ಒಂದು ಫಲನವಲ್ಲ. ಒಂದನ್ನೊಂದು ಮೇಲಕ್ಕೋ ಕೆಳಕ್ಕೋ ಸರಿಸಿದರೆ ಪರಸ್ಪರ ಕೂಡಿಬರುವ ಅಸಂಖ್ಯ ವಕ್ರರೇಖೆಗಳ ಸಮೂಹ. ಒಂದೇ ಎಕ್ಸ್ ಬೆಲೆಯಲ್ಲಿ ಅವೆಲ್ಲವುಗಳ ಸ್ಪರ್ಶಕಗಳಿಗೂ ಒಂದೇ ಇಳಿಜಾರು ಇರುತ್ತದೆ. ಮೊದಲ ಉತ್ತರದ ಸಿ ಮತ್ತು ಎರಡನೆಯ ಉತ್ತರದ ಸಿ ಒಂದೇ ಅಕ್ಷರವಾಗಿದ್ದರೂ ಒಂದೇ ಸಂಖ್ಯೆಯಾಗಬೇಕಿಲ್ಲ. ಮೊದಲನೆಯದನ್ನು ಸಿ₁, ಎರಡನೆಯದನ್ನು ಸಿ₂ ಎಂದು ಬರೆದುಕೊಂಡರೆ ಸಿ₁ = ಸಿ₂ + 1/3 ಎಂದಷ್ಟೇ ಆಗುತ್ತದೆ; ವಿರೋಧವೇನೂ ಉಳಿಯುವುದಿಲ್ಲ.

ಈಗ ಹಂತಗಳಿಗೆ ಬರೋಣ. 4ಎಕ್ಸ್³ − 6ಎಕ್ಸ್² + 5ಎಕ್ಸ್ − 7 ಎಂಬ ಬಹುಪದೋಕ್ತಿಯನ್ನು ತೆಗೆದುಕೊಳ್ಳಿ. ಮೊತ್ತದ ಅವಕಲನವು ಅವಕಲನಗಳ ಮೊತ್ತವೇ ಆಗಿರುವುದರಿಂದ, ಅನುಕಲನದಲ್ಲಿಯೂ ಪ್ರತಿ ಪದವನ್ನು ಬಿಡಿಯಾಗಿ ನೋಡುವ ಸ್ವಾತಂತ್ರ್ಯ ನಮಗಿದೆ. ಅದೇ ಕಾರಣಕ್ಕೆ ಸಹಗುಣಕವನ್ನು ∫ ಚಿಹ್ನೆಯ ಹೊರಗೆ ತಂದಿಟ್ಟು, ಒಳಗೆ ಎಕ್ಸ್‌ನ ಘಾತವನ್ನು ಮಾತ್ರ ಉಳಿಸಿಕೊಳ್ಳಬಹುದು. ಮೊದಲ ಪದದಲ್ಲಿ ಎಕ್ಸ್³ ಎಂಬುದು ಎಕ್ಸ್⁴/4 ಆಗುತ್ತದೆ, ಅದನ್ನು 4ರಿಂದ ಗುಣಿಸಿದಾಗ ಎಕ್ಸ್⁴ ಉಳಿಯುತ್ತದೆ. ಎರಡನೆಯದು −6 × ಎಕ್ಸ್³/3, ಅಂದರೆ −2ಎಕ್ಸ್³. ಮೂರನೆಯದು 5ಎಕ್ಸ್²/2. ಕೊನೆಯ ಪದವಾದ 7ರಲ್ಲಿ ಎಕ್ಸ್ ಕಾಣಿಸುವುದಿಲ್ಲವಾದ್ದರಿಂದ ಅನೇಕರು ಅಲ್ಲಿ ತಡವರಿಸುತ್ತಾರೆ. 7 ಎಂದರೆ 7 × ಎಕ್ಸ್⁰ ಎಂದು ಬರೆದುಕೊಂಡರೆ ಅದೇ ನಿಯಮದಿಂದ 7ಎಕ್ಸ್ ತಾನಾಗಿಯೇ ಬರುತ್ತದೆ. ಒಟ್ಟು ಉತ್ತರ

ಎಕ್ಸ್⁴ − 2ಎಕ್ಸ್³ + 5ಎಕ್ಸ್²/2 − 7ಎಕ್ಸ್ + ಸಿ.

ನಾಲ್ಕು ಪದಗಳಿಗೂ ಒಂದೊಂದು ಸ್ಥಿರಾಂಕ ಬೇಡವೇ ಎಂದು ಕೆಲವರು ಕೇಳುವುದುಂಟು. ನಾಲ್ಕು ಸ್ಥಿರಾಂಕಗಳನ್ನು ಕೂಡಿಸಿದರೂ ಅದೊಂದು ಸ್ಥಿರಾಂಕವೇ ಆಗುವುದರಿಂದ ಒಂದನ್ನೇ ಬರೆದರೆ ಸಾಕು. ಆಮೇಲೆ ಉತ್ತರವನ್ನು ಅವಕಲಿಸಿ ಮೂಲ ಬಹುಪದೋಕ್ತಿ ಮರಳಿ ಬರುತ್ತದೆಯೇ ಎಂದು ನೋಡುವುದನ್ನು ದಯವಿಟ್ಟು ಬಿಡಬೇಡಿ. ಉತ್ತರ ಸರಿಯೋ ತಪ್ಪೋ ಎಂಬುದನ್ನು ಬೇರೆಯವರನ್ನು ಕೇಳದೆ ನಾವೇ ನಿರ್ಣಯಿಸಬಲ್ಲ ಅಧ್ಯಾಯಗಳು ಪಠ್ಯದಲ್ಲಿ ಬಹಳವಿಲ್ಲ, ಇದು ಅಂಥದ್ದೊಂದು.

ಗುಣಾಕಾರದ ವಿಷಯದಲ್ಲಿ ಮಾತ್ರ ಎಚ್ಚರಿಕೆ ಬೇಕು. ∫(ಎಕ್ಸ್ + 2)(ಎಕ್ಸ್ − 3) ಡಿಎಕ್ಸ್ ಎಂದು ಕೊಟ್ಟಾಗ ಎರಡು ಆವರಣಗಳನ್ನೂ ಬೇರೆ ಬೇರೆಯಾಗಿ ಅನುಕಲಿಸಿ ಗುಣಿಸುವಂತಿಲ್ಲ. ಹಾಗೆ ಮಾಡಿದರೆ ನಾಲ್ಕನೆಯ ಘಾತದ ಬಹುಪದೋಕ್ತಿ ಬರುತ್ತದೆ; ಅದನ್ನು ಅವಕಲಿಸಿದರೆ ಮೂರನೆಯ ಘಾತದ್ದು ಸಿಗುತ್ತದೆಯೇ ಹೊರತು, ನಮಗೆ ಬೇಕಾದ ಎರಡನೆಯ ಘಾತದ್ದಲ್ಲ. ಮೊದಲು ಗುಣಿಸಿ ಎಕ್ಸ್² − ಎಕ್ಸ್ − 6 ಎಂದು ಮಾಡಿಕೊಂಡು, ಆಮೇಲೆ ಎಕ್ಸ್³/3 − ಎಕ್ಸ್²/2 − 6ಎಕ್ಸ್ + ಸಿ ಎಂದು ಅನುಕಲಿಸಬೇಕು. ಬಹುಪದೋಕ್ತಿಯ ಅನುಕಲದ ಘಾತವು ಮೂಲದ ಘಾತಕ್ಕಿಂತ ಸರಿಯಾಗಿ ಒಂದು ಹೆಚ್ಚಾಗಿರಲೇಬೇಕು ಎಂಬುದನ್ನು ನೆನಪಿಟ್ಟುಕೊಂಡರೆ ಇಂಥ ಲೋಪ ಒಂದು ನೋಟದಲ್ಲೇ ಕಣ್ಣಿಗೆ ಬೀಳುತ್ತದೆ.

ಉತ್ತರ 2 (ಗಣಿತದ ಇತಿಹಾಸವನ್ನು ಓದುತ್ತಿರುವವರು)

ಮೇಲಿನ ಉತ್ತರದಂತೆ ಅವಕಲನದ ಕಡೆಯಿಂದ ನೋಡಿದರೆ ನಿಯಮದ ಸಮರ್ಥನೆ ಹೀಗಿದೆ: ಎಕ್ಸ್³ ಎಂಬುದನ್ನು ಅವಕಲಿಸಿದರೆ 3ಎಕ್ಸ್² ಬರುತ್ತದೆ, ಆದ್ದರಿಂದ ಎಕ್ಸ್² ಬೇಕಾದರೆ 3ರಿಂದ ಭಾಗಿಸಬೇಕು. ಅದು ಪೂರ್ಣವಾದ ಸಮರ್ಥನೆಯೇ ಸರಿ. ಆದರೂ ಆ 3 ಎಂಬ ಛೇದ ಅವಕಲನದ ನೆರವಿಲ್ಲದೆ, ಬರೀ ಕೂಡಿಸುವುದರಿಂದಲೇ ಹುಟ್ಟುವುದನ್ನು ಒಮ್ಮೆ ಕಣ್ಣಾರೆ ನೋಡಬೇಕು ಎಂಬುದು ನನ್ನ ಅಭಿಪ್ರಾಯ.

ಎಕ್ಸ್² ಎಂಬ ಪರವಲಯದ ಕೆಳಗೆ 0ಯಿಂದ 1ರವರೆಗಿನ ವಿಸ್ತೀರ್ಣ ಬೇಕೆಂದುಕೊಳ್ಳಿ. ಆ ಅಂತರವನ್ನು ಹತ್ತು ಸಮಭಾಗ ಮಾಡಿ, ಪ್ರತಿ ಭಾಗದ ಮೇಲೆ ಅದರ ಬಲತುದಿಯ ಎತ್ತರದಷ್ಟು ಉದ್ದದ ಆಯತವನ್ನು ನಿಲ್ಲಿಸಿ. ಎತ್ತರಗಳು 1/100, 4/100, 9/100 ಹೀಗೆ ಸಾಗುತ್ತವೆ. ಪ್ರತಿ ಆಯತದ ಅಗಲ 1/10. ಒಟ್ಟು ವಿಸ್ತೀರ್ಣ (1² + 2² + … + 10²)/1000, ಅಂದರೆ 385/1000 = 0.385. ನೂರು ಭಾಗ ಮಾಡಿದರೆ 0.33835, ಸಾವಿರ ಭಾಗ ಮಾಡಿದರೆ 0.3338335. ಭಾಗಗಳ ಸಂಖ್ಯೆ ಎನ್ ಆಗಿದ್ದರೆ ವರ್ಗಗಳ ಮೊತ್ತಕ್ಕೆ ಎನ್(ಎನ್ + 1)(2ಎನ್ + 1)/6 ಎಂಬ ಸೂತ್ರವಿದೆ. ಅದನ್ನು ಎನ್³ ಎಂಬುದರಿಂದ ಭಾಗಿಸಿ, ಎನ್ ಮಿತಿಯಿಲ್ಲದೆ ಬೆಳೆಯಲು ಬಿಟ್ಟರೆ 2/6, ಅಂದರೆ 1/3 ಉಳಿಯುತ್ತದೆ. ಈ 1/3 ಯಾರೋ ವಿಧಿಸಿದ ನಿಯಮವಲ್ಲ. ವರ್ಗಗಳನ್ನು ಕೂಡಿಸಿದಾಗ ಸಿಗುವ ಫಲ.

ವರ್ಗಗಳ ಮತ್ತು ಘನಗಳ ಮೊತ್ತದ ಸೂತ್ರಗಳನ್ನು ಆರ್ಯಭಟನು ಕ್ರಿ.ಶ. 499ರ ಕಾಲದ ತನ್ನ ಆರ್ಯಭಟೀಯದ ಗಣಿತಪಾದದಲ್ಲಿ ಕೊಟ್ಟಿದ್ದಾನೆ. ಘಾತ ಯಾವುದೇ ಇರಲಿ, ಮೊದಲ ಎನ್ ಸಂಖ್ಯೆಗಳ ಆ ಘಾತಗಳ ಮೊತ್ತವು, ಎನ್ ಬಹಳ ದೊಡ್ಡದಾದಾಗ, ಎನ್‌ನ ಒಂದು ಹೆಚ್ಚಿನ ಘಾತವನ್ನು ಆ ಹೆಚ್ಚಿನ ಘಾತಾಂಕದಿಂದ ಭಾಗಿಸಿದಷ್ಟಕ್ಕೆ ಸಮೀಪಿಸುತ್ತದೆ ಎಂಬ ಸಾಮಾನ್ಯ ತತ್ವವನ್ನು ಕೇರಳದ ಗಣಿತಜ್ಞರು ಬಳಸಿದರು. ಸಂಗಮಗ್ರಾಮದ ಮಾಧವನ ಪರಂಪರೆಗೆ ಸೇರಿದ ಜ್ಯೇಷ್ಠದೇವನು ಸುಮಾರು 1530ರಲ್ಲಿ ಮಲಯಾಳದಲ್ಲಿ ಬರೆದ ಯುಕ್ತಿಭಾಷೆಯಲ್ಲಿ ಇದರ ಯುಕ್ತಿಯನ್ನು ವಿವರಿಸಿ, ವೃತ್ತದ ಪರಿಧಿಯನ್ನು ಅನಂತ ಶ್ರೇಣಿಯಾಗಿ ಪಡೆಯುವಲ್ಲಿ ಅದನ್ನು ಪ್ರಯೋಗಿಸಿದ್ದಾನೆ. ಪ್ರಶ್ನೆ ಕೇಳಿದವರು ಕಾರಣವನ್ನು ಹುಡುಕುತ್ತಿರುವ ನಿಯಮ ಇದೇ ಆಗಿದೆ, ಕೇವಲ ಬೇರೆ ಉಡುಪಿನಲ್ಲಿದೆ. ಯೂರೋಪಿನಲ್ಲಿ 17ನೆಯ ಶತಮಾನದಲ್ಲಿ ಇಟಲಿಯ ಗಣಿತಜ್ಞ ಕವಲಿಯೇರಿ ಒಂಬತ್ತನೆಯ ಘಾತದವರೆಗೆ ಇದನ್ನು ಒಂದೊಂದಾಗಿ ಸಾಧಿಸಿದನು. ನಾವು ಬರೆಯುವ ∫ ಚಿಹ್ನೆಯನ್ನು ಲೈಬ್ನಿಟ್ಸ್ 1675ರ ಅಕ್ಟೋಬರ್ 29ರಂದು ಬರೆದಿಟ್ಟ ಟಿಪ್ಪಣಿಯಲ್ಲಿ ಮೊದಲು ಬಳಸಿದನು. ಅದು ಮೊತ್ತ ಎಂಬರ್ಥದ ಲ್ಯಾಟಿನ್ ಪದದ ಮೊದಲಕ್ಷರವನ್ನು ಉದ್ದಕ್ಕೆ ಎಳೆದ ರೂಪ. ಹಾಗಾಗಿ ಆ ಚಿಹ್ನೆಯನ್ನು ಕಂಡಾಗಲೆಲ್ಲ ಕೂಡಿಸುವಿಕೆಯನ್ನು ನೆನೆಯುವುದು ಸರಿಯಾದ ಅಭ್ಯಾಸ.

ನಿಯಮಕ್ಕೆ ಒಂದೇ ಒಂದು ಹೊರತು ಇದೆ: ಘಾತಾಂಕ −1 ಆದಾಗ ಛೇದ ಸೊನ್ನೆಯಾಗುತ್ತದೆ, ಅಲ್ಲಿ ಲಾಗರಿದಮ್ ಬರುತ್ತದೆ. ಬಹುಪದೋಕ್ತಿಗಳಲ್ಲಿ ಋಣ ಘಾತಾಂಕಗಳೇ ಇಲ್ಲದ ಕಾರಣ ಸದ್ಯಕ್ಕೆ ಅದರ ಚಿಂತೆ ಬೇಡ.

ಉತ್ತರ 3 (ಎಂಜಿನಿಯರ್)

(ಎಕ್ಸ್² + 1)² ಕುರಿತ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಿಲ್ಲವಾದ್ದರಿಂದ ಅದನ್ನು ನಾನು ಎತ್ತಿಕೊಳ್ಳುತ್ತೇನೆ. ಆ ಎರಡನೆಯ ದಾರಿ ಇಲ್ಲಿ ನಡೆಯುವುದಿಲ್ಲ. ಎಕ್ಸ್ + 1 ಎಂಬುದನ್ನು ಯು ಎಂದು ಇಟ್ಟಾಗ ಡಿಯು ಮತ್ತು ಡಿಎಕ್ಸ್ ಒಂದೇ ಆಗಿದ್ದವು, ಆದ್ದರಿಂದ ಬದಲಾವಣೆ ಸಲೀಸಾಗಿ ಆಯಿತು. ಎಕ್ಸ್² + 1 ಎಂಬುದನ್ನು ಯು ಎಂದರೆ ಡಿಯು = 2ಎಕ್ಸ್ ಡಿಎಕ್ಸ್ ಆಗುತ್ತದೆ, ಆದರೆ ಲೆಕ್ಕದಲ್ಲಿ ಆ ಎಕ್ಸ್ ಎಲ್ಲಿಯೂ ಇಲ್ಲ. ಕೊನೆಯಲ್ಲಿ 2ಎಕ್ಸ್‌ನಿಂದ ಭಾಗಿಸಿ (ಎಕ್ಸ್² + 1)³/(6ಎಕ್ಸ್) ಎಂದು ಬರೆದುಬಿಡೋಣ ಎಂಬ ಆಸೆ ಸಹಜವಾಗಿಯೇ ಹುಟ್ಟುತ್ತದೆ. ಅದನ್ನು ಭಾಗಾಕಾರದ ನಿಯಮದಿಂದ ಅವಕಲಿಸಿದರೆ (ಎಕ್ಸ್² + 1)² ಜೊತೆಗೆ −(ಎಕ್ಸ್² + 1)³/(6ಎಕ್ಸ್²) ಎಂಬ ಬೇಡದ ಪದವೂ ಬರುತ್ತದೆ. ಭಾಜಕದಲ್ಲಿರುವುದು ಸ್ಥಿರ ಸಂಖ್ಯೆಯಾಗಿದ್ದರೆ ಅವಕಲನದಲ್ಲಿ ಅದು ಸುಮ್ಮನೆ ಕುಳಿತಿರುತ್ತದೆ. ಎಕ್ಸ್ ಇದ್ದರೆ ಅದೂ ಬದಲಾಗುತ್ತದೆ ಎಂಬುದೇ ಇದಕ್ಕೆ ಕಾರಣ. ಇಲ್ಲಿ ಬಿಡಿಸುವುದೊಂದೇ ದಾರಿ: ಎಕ್ಸ್⁴ + 2ಎಕ್ಸ್² + 1, ಅದರ ಅನುಕಲ ಎಕ್ಸ್⁵/5 + 2ಎಕ್ಸ್³/3 + ಎಕ್ಸ್ + ಸಿ. ಅದೇ ಲೆಕ್ಕವು ಎಕ್ಸ್(ಎಕ್ಸ್² + 1)² ಎಂದು ಇದ್ದಿದ್ದರೆ, ಬೇಕಾದ ಎಕ್ಸ್ ಹೊರಗೆ ಸಿದ್ಧವಾಗಿ ನಿಂತಿರುವುದರಿಂದ (ಎಕ್ಸ್² + 1)³/6 + ಸಿ ಎಂದು ನೇರವಾಗಿ ಬರೆಯಬಹುದಿತ್ತು. ಬಿಡಿಸಿ ಮಾಡಿದರೆ ಎಕ್ಸ್⁶/6 + ಎಕ್ಸ್⁴/2 + ಎಕ್ಸ್²/2 + ಸಿ ಬರುತ್ತದೆ. ಎರಡರ ನಡುವೆ ಈ ಸಲ 1/6 ವ್ಯತ್ಯಾಸವಿದೆ, ಅದರ ಕಾರಣ ನಿಮಗೆ ಈಗ ತಿಳಿದಿದೆ.

ಇನ್ನು ಸಿ ಕುರಿತು ಒಂದು ಮಾತು. ಅದನ್ನು ಅಂಕ ಕಡಿಮೆಯಾಗದಿರಲೆಂದು ಕೊನೆಯಲ್ಲಿ ಬರೆಯುವ ಅಕ್ಷರವೆಂದು ಭಾವಿಸಿಕೊಂಡು ಓದಿದವರನ್ನು ಬಹಳ ಕಂಡಿದ್ದೇನೆ, ಅದಕ್ಕಾಗಿ ನನಗೆ ಬೇಸರವಿದೆ. ಭೌತಶಾಸ್ತ್ರದಲ್ಲಿ ಅದಕ್ಕೆ ನಿರ್ದಿಷ್ಟ ಅರ್ಥವಿದೆ. ನೆಲದಿಂದ 19.6 ಮೀಟರ್ ಎತ್ತರದ ಮಹಡಿಯ ಅಂಚಿನಲ್ಲಿ ನಿಂತು ಒಂದು ಚೆಂಡನ್ನು ಸೆಕೆಂಡಿಗೆ 14.7 ಮೀಟರ್ ವೇಗದಲ್ಲಿ ನೇರವಾಗಿ ಮೇಲಕ್ಕೆ ಎಸೆಯಲಾಗಿದೆ ಎಂದುಕೊಳ್ಳಿ. ಗಾಳಿಯ ತಡೆಯನ್ನು ಬಿಟ್ಟರೆ ನಮಗೆ ಗೊತ್ತಿರುವುದು ವೇಗೋತ್ಕರ್ಷ ಮಾತ್ರ: −9.8. ಕಾಲವನ್ನು ಟಿ ಎಂದು ಕರೆದು ಅದನ್ನು ಒಮ್ಮೆ ಅನುಕಲಿಸಿದರೆ ವೇಗ −9.8ಟಿ + ಸಿ. ಟಿ ಸೊನ್ನೆಯಾಗಿದ್ದಾಗ ವೇಗ 14.7 ಆಗಿತ್ತು, ಆದ್ದರಿಂದ ಈ ಸಿ ಎಂದರೆ 14.7. ಮತ್ತೊಮ್ಮೆ ಅನುಕಲಿಸಿದರೆ ಎತ್ತರ −4.9ಟಿ² + 14.7ಟಿ + ಸಿ. ಈ ಸಿ ಎಂದರೆ ಆರಂಭದ ಎತ್ತರವಾದ 19.6. ಚೆಂಡು ನೆಲ ಮುಟ್ಟುವ ಹೊತ್ತನ್ನು ಕಂಡುಹಿಡಿಯಲು ಎತ್ತರವನ್ನು ಸೊನ್ನೆಗೆ ಸಮನಾಗಿಸಿ 4.9ರಿಂದ ಭಾಗಿಸಿದರೆ ಟಿ² − 3ಟಿ − 4 = 0, ಅಂದರೆ ಟಿ = 4 ಸೆಕೆಂಡು. ಎರಡನೆಯ ಸಿಯನ್ನು ಬರೆಯದೆ ಬಿಟ್ಟಿದ್ದರೆ 3 ಸೆಕೆಂಡು ಎಂಬ ಉತ್ತರ ಬರುತ್ತಿತ್ತು, ಅದು ಚೆಂಡು ಮಹಡಿಯ ಮಟ್ಟಕ್ಕೆ ಮರಳುವ ಹೊತ್ತೇ ಹೊರತು ನೆಲ ಮುಟ್ಟುವ ಹೊತ್ತಲ್ಲ.

ಪ್ರಶ್ನೆ ಕೇಳಿದವರ ಮರುಪ್ರಶ್ನೆ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಚೆಂಡಿನ ಉದಾಹರಣೆಯಿಂದ ಸಿ ಎಂದರೆ ಏನೆಂಬುದು ಸ್ಪಷ್ಟವಾಯಿತು. ಇದನ್ನೆಲ್ಲ ಓದಿದ ಮೇಲೆ ನಿಶ್ಚಿತ ಅನುಕಲದ, ಅಂದರೆ ಎರಡು ಮಿತಿಗಳ ನಡುವಿನ ಅನುಕಲದ ಕುರಿತು ಇನ್ನೊಂದು ಸಂದೇಹ ಎದ್ದಿದೆ. ಎಕ್ಸ್² − 4ಎಕ್ಸ್ + 3 ಎಂಬುದನ್ನು 0ಯಿಂದ 3ರವರೆಗೆ ಅನುಕಲಿಸಿದರೆ ಸೊನ್ನೆ ಬರುತ್ತದೆ. ವಕ್ರರೇಖೆಯನ್ನು ಎಳೆದು ನೋಡಿದರೆ ಎಕ್ಸ್ ಅಕ್ಷಕ್ಕೂ ಅದಕ್ಕೂ ನಡುವೆ ಜಾಗ ಇರುವುದು ಕಾಣುತ್ತದೆ. ಹಾಗಿದ್ದರೆ ವಿಸ್ತೀರ್ಣ ಸೊನ್ನೆ ಹೇಗಾದೀತು? ನಿಶ್ಚಿತ ಅನುಕಲದಲ್ಲಿ ಸಿ ಬರೆಯದಿರುವುದಕ್ಕೂ ಇದಕ್ಕೂ ಸಂಬಂಧವಿದೆಯೇ ಸರ್?

ಉತ್ತರ 4 (ನಿವೃತ್ತ ಗಣಿತ ಉಪನ್ಯಾಸಕ)

ಸಂಬಂಧವಿಲ್ಲ, ಆದರೆ ಎರಡನ್ನೂ ಒಟ್ಟಿಗೆ ಕೇಳಿದ್ದು ಒಳ್ಳೆಯದಾಯಿತು. ಮೊದಲು ಸಿ ವಿಚಾರ. ನಿಮ್ಮ ಮೊದಲ ಲೆಕ್ಕವನ್ನೇ 0ಯಿಂದ 2ರವರೆಗೆ ತೆಗೆದುಕೊಳ್ಳಿ. ಬಿಡಿಸಿದ ಉತ್ತರದಲ್ಲಿ ಮೇಲಿನ ಮಿತಿಯನ್ನು ಹಾಕಿದರೆ 8/3 + 4 + 2 = 26/3, ಕೆಳಗಿನ ಮಿತಿಯನ್ನು ಹಾಕಿದರೆ ಸೊನ್ನೆ; ವ್ಯತ್ಯಾಸ 26/3. ಇನ್ನೊಂದು ಉತ್ತರದಲ್ಲಿ ಮೇಲಿನದು 27/3, ಕೆಳಗಿನದು 1/3; ವ್ಯತ್ಯಾಸ ಮತ್ತೆ 26/3. ನಿಮ್ಮನ್ನು ಕಾಡಿದ್ದ ಆ 1/3 ಎರಡು ಮಿತಿಗಳಲ್ಲೂ ಸಮನಾಗಿ ಸೇರಿಕೊಂಡು ಕಳೆಯುವಾಗ ಹೊರಟುಹೋಯಿತು. ಯಾವುದೇ ಸಿ ಹೀಗೆಯೇ ಹೊರಟುಹೋಗುವುದರಿಂದ ಅದನ್ನು ಬರೆಯುವ ಅಗತ್ಯವಿಲ್ಲ.

ಈಗ ಸೊನ್ನೆಯ ವಿಚಾರ. ನಿಮ್ಮ ಅನುಕಲ ಎಕ್ಸ್³/3 − 2ಎಕ್ಸ್² + 3ಎಕ್ಸ್. ಎಕ್ಸ್ = 3 ಎಂದು ಹಾಕಿದರೆ 9 − 18 + 9, ಸೊನ್ನೆಯೇ ಸರಿ. ಆದರೆ ನಿಶ್ಚಿತ ಅನುಕಲ ಲೆಕ್ಕ ಹಾಕುವುದು ಚಿಹ್ನೆಸಹಿತವಾದ ವಿಸ್ತೀರ್ಣವನ್ನು. ವಕ್ರರೇಖೆ ಅಕ್ಷದ ಮೇಲಿದ್ದಾಗ ಎರಡನೆಯ ಉತ್ತರದಲ್ಲಿ ಹೇಳಿದ ಆಯತಗಳ ಎತ್ತರ ಧನ, ಕೆಳಗಿದ್ದಾಗ ಋಣ. ನಿಮ್ಮ ಬಹುಪದೋಕ್ತಿಯನ್ನು (ಎಕ್ಸ್ − 1)(ಎಕ್ಸ್ − 3) ಎಂದು ಅಪವರ್ತಿಸಿದರೆ, ಅದು 0ಯಿಂದ 1ರವರೆಗೆ ಅಕ್ಷದ ಮೇಲೂ 1ರಿಂದ 3ರವರೆಗೆ ಅಕ್ಷದ ಕೆಳಗೂ ಇರುವುದು ತಿಳಿಯುತ್ತದೆ. ಮೊದಲ ಭಾಗದ ಅನುಕಲ 1/3 − 2 + 3 = 4/3. ಎರಡನೆಯ ಭಾಗದ್ದು 0 − 4/3 = −4/3. ಇವೆರಡನ್ನೂ ಕೂಡಿಸಿದ್ದರಿಂದಲೇ ಸೊನ್ನೆ ಬಂದಿತು. ಪ್ರಶ್ನೆಯಲ್ಲಿ ಅನುಕಲದ ಬೆಲೆ ಕೇಳಿದ್ದರೆ ಸೊನ್ನೆ ಎಂದೇ ಬರೆಯಿರಿ; ವಿಸ್ತೀರ್ಣ ಕೇಳಿದ್ದರೆ, ವಕ್ರರೇಖೆ ಅಕ್ಷವನ್ನು ಕತ್ತರಿಸುವ ಬಿಂದುಗಳಲ್ಲಿ ಅಂತರವನ್ನು ಒಡೆದು, ಋಣ ಭಾಗದ ಚಿಹ್ನೆಯನ್ನು ಬದಲಿಸಿ, 4/3 + 4/3 = 8/3 ಚದರ ಮಾನಗಳು ಎಂದು ಬರೆಯಿರಿ. ಆದ್ದರಿಂದ ವಿಸ್ತೀರ್ಣದ ಪ್ರಶ್ನೆ ಬಂದಾಗ ಮೊದಲು ಅಪವರ್ತಿಸಿ, ಒಂದು ಕಚ್ಚಾ ಚಿತ್ರ ಬರೆದುಕೊಂಡು, ಆಮೇಲೆ ಅನುಕಲನಕ್ಕೆ ಕೈಹಾಕುವುದು ಕ್ಷೇಮ.

ಉತ್ತರ 5 (ಎಂಜಿನಿಯರ್)

ಉಪನ್ಯಾಸಕರ ಮಾತಿಗೆ ಒಂದು ತಾಳೆ ನೋಡುವ ವಿಧಾನವನ್ನು ಸೇರಿಸುತ್ತೇನೆ. ಗಣಿತಜ್ಞ ಸಿಂಪ್ಸನ್‌ನ ಹೆಸರಿನಲ್ಲಿ ಪ್ರಸಿದ್ಧವಾದ, ಅವನಿಗಿಂತ ಮೊದಲೇ ಕೆಪ್ಲರ್ ಮದ್ಯದ ಪೀಪಾಯಿಗಳ ಗಾತ್ರವನ್ನು ಅಳೆಯುವಾಗ ಬಳಸಿದ ನಿಯಮವೊಂದಿದೆ. ಎಡತುದಿಯ ಬೆಲೆ, ನಡುಬಿಂದುವಿನ ಬೆಲೆಯ ನಾಲ್ಕರಷ್ಟು ಮತ್ತು ಬಲತುದಿಯ ಬೆಲೆ, ಈ ಮೂರನ್ನೂ ಕೂಡಿಸಿ, ಅಂತರದ ಉದ್ದದಿಂದ ಗುಣಿಸಿ 6ರಿಂದ ಭಾಗಿಸಬೇಕು. ಸಾಮಾನ್ಯ ಫಲನಗಳಿಗೆ ಇದು ಅಂದಾಜು ಮಾತ್ರ, ಆದರೆ ಮೂರನೆಯ ಘಾತದವರೆಗಿನ ಎಲ್ಲ ಬಹುಪದೋಕ್ತಿಗಳಿಗೂ ಇದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ನಿಖರವಾದ ಉತ್ತರ ಕೊಡುತ್ತದೆ. (ಎಕ್ಸ್ + 1)² ಎಂಬುದಕ್ಕೆ 0, 1, 2 ಬಿಂದುಗಳಲ್ಲಿ ಬೆಲೆಗಳು 1, 4, 9; ಆದ್ದರಿಂದ (1 + 16 + 9) × 2/6 = 26/3. ನಿಮ್ಮ ಎರಡನೆಯ ಲೆಕ್ಕಕ್ಕೆ 0, 1.5, 3 ಬಿಂದುಗಳಲ್ಲಿ ಬೆಲೆಗಳು 3, −0.75, 0; ಆದ್ದರಿಂದ (3 − 3 + 0) × 3/6 = 0. ನಾಲ್ಕನೆಯ ಘಾತಕ್ಕೆ ಮಾತ್ರ ಇದನ್ನು ನಂಬಬೇಡಿ: ಎಕ್ಸ್⁴ ಎಂಬುದನ್ನು 0ಯಿಂದ 1ರವರೆಗೆ ಹೀಗೆ ಲೆಕ್ಕ ಹಾಕಿದರೆ 5/24 ಬರುತ್ತದೆ, ನಿಜವಾದ ಬೆಲೆ 1/5.